ಮಗ್ಗದ ಕೋಣೆಯಲ್ಲಿ ಪಂಚಾಯ್ತಿ

ಎರಡು ತಿಂಗಳ ಮಟ್ಟಿಗೆ ಎಂದು ನಮ್ಮಜ್ಜ ಪಂಚಾಯ್ತಿಗೆ ಕೊಟ್ಟ ಕೋಣೆಯಲ್ಲಿ ನಾನು ಹುಟ್ಟುವ ಮೊದಲೇ ಸರಕಾರ ಬಂದು ಕೂತಿತ್ತು. ನಾನು ಆರನೆಯ ಇಯತ್ತೆಗೆ ಬಂದರೂ ಅದು ಎದ್ದಿರಲಿಲ್ಲ. ಊರ ಚಾವಡಿಯ ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿದು ಬಿತ್ತಂತೆ. ಕಾಗದಪತ್ರ ಇಡಲು ಜಾಗವಿಲ್ಲವೆಂದು ಸೆಕ್ರೆಟರಿ ತಲೆಯ ಮೇಲೆ ಕೈ ಹೊತ್ತು ಕೂತಾಗ, ಅಜ್ಜ ಧಾರಾಳವಾಗಿ ನಮ್ಮ ಮನೆಯ ಮುಂದಿನ ಕೋಣೆಯ ಕೀಲಿ ತೆಗೆದುಕೊಟ್ಟನಂತೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗೆ. ಏಕೆಂದರೆ ಆ ಕೋಣೆ ಹೆಸರಿಗೆ ಅಜ್ಜನದಾದರೂ ಅದರೊಳಗೆ ಕೂತು ದುಡಿಯುತ್ತಿದ್ದವಳು ನಮ್ಮವ್ವ. ಅವಳನ್ನು ಯಾರೂ ಕೇಳಲಿಲ್ಲ. ಸೊಸೆಯನ್ನು ಕೇಳಿ ಕೀಲಿ ಕೊಡುವ ಮಾವ ನಮ್ಮ ಸೀಮೆಯಲ್ಲಿ ಆಗ ಇರಲಿಲ್ಲ, ಈಗ ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ.

ನಮ್ಮೂರು ರೋಣಕ್ಕೂ ನರಗುಂದಕ್ಕೂ ನಡುವಿನ ಕರಿಮಣ್ಣಿನ ಊರು. ಮಲಪ್ರಭೆ ಬೇಸಿಗೆಯಲ್ಲಿ ಇದ್ದೂ ಇಲ್ಲದ ಹಾಗೆ, ಮಳೆಗಾಲದಲ್ಲಿ ಬೇಡವೆಂದರೂ ಹಿತ್ತಲಿಗೆ ಬರುವ ಹಾಗೆ, ಅಷ್ಟು ದೂರದಲ್ಲಿತ್ತು. ಮನೆ ಮಣ್ಣಿನ ಮಾಳಿಗೆಯದು. ದೊಡ್ಡ ಬಾಗಿಲು ದಾಟಿದರೆ ಎತ್ತು ಕಟ್ಟುವ ಗ್ವಾದಲಿ, ಅದರಾಚೆ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ದೇವರ ಗೂಡು, ಜೋಳದ ಹಗೇವು. ಒಳಗಿನ ಕೋಣೆಗಳಿಗೆಲ್ಲ ಮಾಳಿಗೆಯ ಬೆಳಕಿಂಡಿಯೇ ಬೆಳಕು. ಮಳೆ ಬಂದರೆ ಯಾರಾದರೂ ಮೇಲೆ ಓಡಿ ಅದರ ಮೇಲೆ ಗಡಿಗೆ ಕವುಚಬೇಕು, ಆಮೇಲೆ ಹಗಲಿನಲ್ಲೂ ಚಿಮಣಿ ಹಚ್ಚಬೇಕು. ಓಣಿಗೆ ಕಿಟಕಿ ಇದ್ದದ್ದು ಆ ಮುಂದಿನ ಕೋಣೆಗೆ ಮಾತ್ರ. ಅದಕ್ಕೆ ಎರಡು ಬಾಗಿಲು, ಒಂದು ನೇರ ಓಣಿಗೆ ತೆರೆಯುವಂಥದ್ದು, ಇನ್ನೊಂದು ನಮ್ಮ ಅಡಿಗೆಮನೆಯ ಕಡೆಗೆ. ಪಂಚಾಯ್ತಿ ಬಂದ ಮೇಲೆ ಈ ಒಳಬಾಗಿಲು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಕಟ್ಟೆಯ ಮೇಲೆ ಮೆಂಬರರ ಚಪ್ಪಲಿ ಕಂಡ ದಿನ ಮನೆಯ ಹೆಣ್ಣುಮಕ್ಕಳು ನೀರಿಗೆ ಹೋಗುವುದಾದರೂ ಹಿತ್ತಲ ಬಾಗಿಲಿನಿಂದ ಹೋಗಿ, ಕಣದ ಬೇಲಿ ಸುತ್ತಿ, ನಳದ ಹತ್ತಿರ ಬರಬೇಕು. ನಮ್ಮ ಮನೆಯಲ್ಲಿ ನಾವೇ ಕಳ್ಳರ ಹಾಗೆ ಓಡಾಡುತ್ತಿದ್ದೆವು, ಅದು ನಮಗೆ ವಿಚಿತ್ರ ಎಂದೂ ಅನ್ನಿಸುತ್ತಿರಲಿಲ್ಲ.

ಅವ್ವ ಗಜೇಂದ್ರಗಡದವಳು. ಗುಡ್ಡದ ಕೆಳಗೆ, ಬೆಳಗಿನಿಂದ ಸಂಜೆಯತನಕ ಮಗ್ಗದ ಸಪ್ಪಳ ನಿಲ್ಲದ ಓಣಿಯಲ್ಲಿ ಹುಟ್ಟಿದವಳು. ಮದುವೆಯಲ್ಲಿ ಅವಳ ಅಪ್ಪ ಬಳುವಳಿಯಾಗಿ ಭಾಂಡೆ ಸಾಮಾನಿನ ಜೊತೆ ಒಂದು ಕುಣಿಮಗ್ಗವನ್ನು ಬಿಚ್ಚಿ ಚಕ್ಕಡಿಯಲ್ಲಿ ಹೇರಿ ಕಳಿಸಿದ್ದ. ಕುಣಿಮಗ್ಗವೆಂದರೆ ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಅದಕ್ಕೆ ಬೆಳಕು ಬೇಕು, ಆದ್ದರಿಂದ ಆ ಕಿಟಕಿಯ ಕೋಣೆ. ನನ್ನಜ್ಜಿಗೆ ಸೊಸೆ ನೇಯುವುದನ್ನು ನೋಡುತ್ತ ಕೂರುವುದು ಸೇರುತ್ತಿತ್ತಂತೆ. ಅಜ್ಜಿ ಇರುವಷ್ಟು ದಿನ, ಅಂದರೆ ಒಂದು ವರ್ಷ, ಅವ್ವ ಅಲ್ಲಿ ಕುಬಸದ ಖಣ ನೇಯ್ದಳು. ಅಜ್ಜನಿಗೆ ಮೊದಲಿನಿಂದಲೂ ಅದು ಕಣ್ಣಿನೊಳಗಿನ ಕಸ. ಹೊಲಮನೆ ಇದ್ದವರ ಸೊಸೆ ಕುಣಿಯಲ್ಲಿ ಕೂತು ದುಡಿಯುವುದೇನು ಎಂದು. ಅಜ್ಜಿ ತೀರಿಕೊಂಡ ವರ್ಷವೇ ಚಾವಡಿ ಬಿತ್ತು. ಅಜ್ಜ ಚಾವಡಿಗಾಗಿ ಮರುಗಿದನೋ, ಮಗ್ಗ ಎತ್ತಿಸಲು ನೆವ ಸಿಕ್ಕಿತೆಂದು ಹಿಗ್ಗಿದನೋ, ದೇವರೇ ಬಲ್ಲ. ಕುಣಿಗೆ ಹೊಲದ ಮಣ್ಣು ತಂದು ತುಂಬಿ ಮೇಲೆ ಪಂಚಾಯ್ತಿಯ ಮೇಜು ಇಟ್ಟರು. ತುಂಬಿದ ಮಣ್ಣು ಪ್ರತಿ ಮಳೆಗಾಲಕ್ಕೂ ಸ್ವಲ್ಪ ಕುಸಿಯುತ್ತಿತ್ತು, ಮೇಜಿನ ಒಂದು ಕಾಲು ಇಳಿಯುತ್ತಿತ್ತು, ಸಿಪಾಯಿ ಫಕೀರಪ್ಪ ಅದರ ಬುಡಕ್ಕೆ ಇನ್ನೊಂದು ಇಟ್ಟಂಗಿ ಚೂರು ಸೇರಿಸುತ್ತಿದ್ದ. ಮಗ್ಗದ ಹಲಗೆ, ದಿಂಡು, ಹಣಿಗೆ ಎಲ್ಲ ಅಟ್ಟ ಸೇರಿದವು. ಮಹಾನವಮಿಗೆ ಒಮ್ಮೆ ಅವ್ವ ಅವನ್ನು ಇಳಿಸಿ, ಒರೆಸಿ, ಎಣ್ಣೆ ಸವರಿ, ವಿಭೂತಿ ಕುಂಕುಮ ಹಚ್ಚಿ ಕೈ ಮುಗಿದು ಮತ್ತೆ ಮೇಲೆ ಏರಿಸುತ್ತಿದ್ದಳು. ಆ ದಿನ ಅವಳು ನಮ್ಮೊಂದಿಗೆ ಮಾತಾಡುವುದು ಕಡಿಮೆ.

ಪಂಚಾಯ್ತಿಯಿಂದ ಅಜ್ಜನಿಗೆ ಬಂದ ದೌಲತ್ತು ಅಷ್ಟಿಷ್ಟಲ್ಲ. ಅವನು ಮೆಂಬರ್ ಅಲ್ಲ, ಎಂದೂ ಚುನಾವಣೆಗೆ ನಿಂತವನಲ್ಲ. ಆದರೆ ಸಭೆಯ ದಿನ ಅಧ್ಯಕ್ಷರ ಮಗ್ಗುಲಿಗೇ ಅವನ ಖುರ್ಚಿ. ಮನೆ ಕೊಟ್ಟವನು ಎಂಬ ಗೌರವ. ಬಂದವರಿಗೆಲ್ಲ ಚಹಾ ನಮ್ಮ ಅಡಿಗೆಮನೆಯಿಂದ. ನೆರೆ ಬಂದ ವರ್ಷ ತಾಲ್ಲೂಕಿನ ಸಾಹೇಬರು ಜೀಪಿನಲ್ಲಿ ಬಂದು ಆ ಕೋಣೆಯಲ್ಲೇ ಕೂತು ಬಿದ್ದ ಮನೆಗಳ ಯಾದಿ ಬರೆಸಿದರು. ಅಜ್ಜ ಅದನ್ನು ಹೇಳದ ದಿನವಿಲ್ಲ. ಅಪ್ಪ ಹೊಲ ಮತ್ತು ಎತ್ತು ಬಿಟ್ಟು ಬೇರೆ ಮಾತು ಆಡುವವನಲ್ಲ, ಊಟಕ್ಕೆ ಕೂತಾಗ ಅಜ್ಜನ ಮಾತಿಗೆ ತಲೆ ಆಡಿಸುವುದಷ್ಟೇ ಅವನ ಪಾಲು.

"ನರಗುಂದದ ಗುಡ್ಡದ ಮ್ಯಾಲೆ ಒಂದ ಕಾಲಕ್ಕ ರಾಜ ಕುಂತಿದ್ದ," ಎಂದು ಅಜ್ಜ ರೊಟ್ಟಿ ಮುರಿಯುತ್ತ ಹೇಳುವನು. "ಈಗ ಆ ಗುಡ್ಡದಾಗ ಏನೈತಿ? ಮುರುಕ ಗ್ವಾಡಿ. ಸರಕಾರ ಇರೂದು ಎಲ್ಲಿ? ನನ್ನ ಮನಿಯಾಗ."

"ಸರಕಾರಕ್ಕ ಇನ್ನೊಂದ ರೊಟ್ಟಿ ಬೇಕೇನ ಕೇಳವಾ," ಎಂದು ಅವ್ವ ಒಲೆಯ ಮುಂದಿನಿಂದ ನನಗೆ ಮೆಲ್ಲಗೆ ಹೇಳುವಳು. ನಾನೂ ನನ್ನ ತಂಗಿ ಶಾಂತಾಳೂ ನಗು ತಡೆಯಲಾರದೆ ಹಿತ್ತಲಿಗೆ ಓಡುತ್ತಿದ್ದೆವು.

ಹೆಣ್ಣುಮಕ್ಕಳಿಗೆ ಜಾಗ ಮೀಸಲು ಎಂಬ ಕಾಯದೆ ನಮ್ಮ ಓಣಿಗೆ ಬಂದಾಗ ಅಜ್ಜನಿಗೆ ಹೆಚ್ಚು ಹೊತ್ತು ಯೋಚಿಸುವ ಕೆಲಸ ಬೀಳಲಿಲ್ಲ. ಮನೆಯಲ್ಲಿ ಸೊಸೆ ಇದ್ದಳು. ಎದುರು ನಿಲ್ಲುವವರನ್ನು ಕರೆದು ಚಹಾ ಕುಡಿಸಿ ಕೂರಿಸಿದ. ಗಂಗವ್ವ ಅವಿರೋಧವಾಗಿ ಆರಿಸಿ ಬಂದಳು ಎಂದು ಫಕೀರಪ್ಪ ಬಂದು ಹೇಳಿದಾಗ ಅವ್ವ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು. ಅವಳು ಮೆಂಬರಾದಳು, ಆದರೆ ಸಭೆ ನಡೆಯುವುದು ಅವಳ ಮಾವ ಖುರ್ಚಿ ಹಾಕಿ ಕೂತ ಕೋಣೆಯಲ್ಲಿ. ಮಾವನ ಎದುರು ಸೊಸೆ ಖುರ್ಚಿಯ ಮೇಲೆ ಕೂರುವುದು ಹೋಗಲಿ, ತಲೆಯ ಸೆರಗು ಸರಿಯಿಲ್ಲದೆ ಹಾಯುವ ಹಾಗೂ ಇರಲಿಲ್ಲ. ಹೀಗಾಗಿ ಸಭೆ ಮುಂದಿನ ಕೋಣೆಯಲ್ಲಿ ನಡೆದರೆ ಅವ್ವ ಒಳಬಾಗಿಲಿನ ಈಚೆಗೆ, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟಿದ್ದರೆ ಅದೂ ಇಲ್ಲ. ಸಭೆ ಮುಗಿದ ಮೇಲೆ ಫಕೀರಪ್ಪ ಸಭೆಯ ನಿರ್ಣಯಗಳನ್ನು ಬರೆದ ಠರಾವು ವಹಿಯನ್ನು ಎತ್ತಿಕೊಂಡು ಒಳಗೆ ಬರುವನು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಅವನು ತೋರಿಸಿದಲ್ಲಿ 'ಗಂಗವ್ವ' ಎಂದು ಬರೆಯುವಳು. ಆ ವಹಿಯ ಎಷ್ಟೋ ಹಾಳೆಗಳ ಅಂಚಿಗೆ ನಮ್ಮ ಮನೆಯ ಜೋಳದ ಹಿಟ್ಟು ಅಂಟಿದ್ದನ್ನು ನಾನೇ ನೋಡಿದ್ದೇನೆ. ಇನ್ನೊಬ್ಬ ಹೆಣ್ಣು ಮೆಂಬರ್ ದ್ಯಾಮವ್ವ ಕೂಲಿಗೆ ಹೋಗುವವಳು; ಅವಳ ಹೆಬ್ಬೆಟ್ಟಿಗಾಗಿ ವಹಿ ಫಕೀರಪ್ಪನ ಸೈಕಲ್ಲಿನ ಮೇಲೆ ಕಡಲೆ ಹೊಲಕ್ಕೇ ಹೋಗುತ್ತಿತ್ತು. ಇದರಲ್ಲಿ ತಪ್ಪಿದೆ ಎಂದು ಊರಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಸಹಿ ಆಯಿತೋ ಇಲ್ಲವೋ, ಕೇಳುತ್ತಿದ್ದದ್ದು ಅಷ್ಟೇ.

ಅವ್ವನಿಗೆ ದೊಡ್ಡಕ್ಷರ ಓದಲು ಬರುತ್ತಿತ್ತು, ಸೆಕ್ರೆಟರಿಯ ಕೋಳಿಕಾಲಿನ ಬರಹ ಬರುತ್ತಿರಲಿಲ್ಲ. ಅದನ್ನು ಓದುವುದು ನನ್ನ ಕೆಲಸ. ಮೊದಮೊದಲು ಅದು ನನಗೆ ಭಾರೀ ಹೆಮ್ಮೆ. ನಳ ರಿಪೇರಿ, ಗಟಾರ ಬಳಿಯುವುದು, ದೀಪದ ಕಂಬ, ಎಲ್ಲವನ್ನೂ ರಾಗವಾಗಿ ಓದುತ್ತಿದ್ದೆ. ಆಮೇಲೆ ಬೇಸರ ಬಂತು. ಹೀಗಿರುವಾಗ ಒಂದು ಸಭೆಯಲ್ಲಿ, ಪಂಚಾಯ್ತಿಗೆ ಹೊಸ ಕಟ್ಟಡ ಮಂಜೂರಾಗುವ ಹಾಗಿದೆ, ಬಸ್ಟ್ಯಾಂಡಿನ ಹತ್ತಿರ ಸರಕಾರಿ ಜಾಗವೂ ಇದೆ, ಸಭೆ ಒಪ್ಪಿ ಠರಾವು ಕಳಿಸಬೇಕು ಎಂಬ ಮಾತು ಬಂತು. ಹೊಸ್ತಿಲಲ್ಲಿ ನಿಂತಿದ್ದ ಅವ್ವ ಚಹಾದ ತಾಟು ಕೆಳಗಿಟ್ಟು ಬಾಗಿಲಿಗೆ ಕಿವಿಗೊಟ್ಟಳು. ಅವತ್ತು ಮಧ್ಯಾಹ್ನ ಅವಳು ನನ್ನನ್ನು ಹಿತ್ತಲಿಗೆ ಕರೆದಳು.

"ನೀಲಾ, ಇಲ್ಲಿ ಕೇಳು. ಕಟ್ಟಡದ ಠರಾವು ಬಂದ್ರ ನಾ ಸಹಿ ಮಾಡಾಕಿ. ಅದನ್ನ ಬಿಟ್ಟು ಈ ಕ್ವಾಣಿ ಸುದ್ದಿ ಬ್ಯಾರೆ ಏನಾರ ಬರದಿತ್ತಂದ್ರ ನಾ ಮಾಡೂದಿಲ್ಲ. ನಿಮ್ಮಜ್ಜ ಏನಂದ್ರೂ ಮಾಡೂದಿಲ್ಲ. ವಹಿ ಬಂದಾಗೆಲ್ಲ ಪೂರಾ ಓದಬೇಕು. ಒಂದಕ್ಷರ ಬಿಡಬಾರದು. ತಿಳೀತಿಲ್ಲೊ?"

"ಮಗ್ಗ ಹಾಕ್ತೀಯೇನಬೇ?"

"ಕ್ವಾಣಿ ಬರಲಿ ಮೊದಲ," ಅಂದಳು. ಆದರೆ ಮುಖದಲ್ಲಿ ಅವಳು ಆಗಲೇ ಕುಣಿಗೆ ಇಳಿದಿದ್ದಳು.

ಸಾಲೆಯಿಂದ ನಮ್ಮನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟದ್ದು ಅದಾಗಿ ತಿಂಗಳೊಪ್ಪತ್ತಿನಲ್ಲಿ. ರೋಣದ ಹಳೆ ಗುಡಿಗಳು, ಸೂಡಿಯ ಹೊಂಡ, ಕೊನೆಗೆ ಗಜೇಂದ್ರಗಡದ ಕಾಲಕಾಲೇಶ್ವರ. ಊರು ಬಿಟ್ಟು ಹೋಗುವುದೆಂದರೆ ಸೋಮವಾರದ ಸಂತೆಯಷ್ಟೇ ಗೊತ್ತಿದ್ದ ನಮಗೆ ಅದು ಕಾಶಿಯಾತ್ರೆ. ಅವ್ವ ಗಜೇಂದ್ರಗಡದ ತನ್ನ ಅಣ್ಣನಿಗೆ ಮೊದಲೇ ಹೇಳಿ ಕಳಿಸಿದ್ದಳು, ಗುಡಿಯ ಮೆಟ್ಟಿಲ ಹತ್ತಿರ ಬಂದು ಹುಡುಗಿಯನ್ನು ನೋಡು, ಮಗ್ಗ ನಿಲ್ಲಿಸಿ ಕೊಡಲು ಬರುತ್ತೀಯೇನು ಅವಳ ಕೈಯಲ್ಲಿ ಹೇಳಿ ಕಳಿಸು ಎಂದು. ಹೊರಡುವ ದಿನ ಬೆಳಿಗ್ಗೆ ಎದ್ದು ನನ್ನ ತಲೆಗೆ ಎಣ್ಣೆ ಹಾಕಿ ಎರಡು ಜಡೆ ಬಿಗಿದು, ಬುತ್ತಿಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದಳು. ಅದೇ ದಿನ ಮುಂಜಾನೆ ಎಂಟಕ್ಕೇ ಸಭೆ ಕರೆದಿದ್ದರು. ಎಂದೂ ಹನ್ನೊಂದರ ಬಸ್ಸಿಗೆ ಬರುವ ಸೆಕ್ರೆಟರಿ ಅವತ್ತು ಹಿಂದಿನ ದಿನವೇ ಬಂದು ಊರಲ್ಲಿ ಉಳಿದಿದ್ದ. ಬುತ್ತಿಯ ಗಡಿಬಿಡಿಯಲ್ಲಿ ಅವ್ವನಿಗೆ ಹೊಸ್ತಿಲಲ್ಲಿ ನಿಂತು ಕೇಳಲು ಆಗಲಿಲ್ಲ. ಅಜ್ಜ ಆ ದಿನವನ್ನು ಬೇಕೆಂದೇ ಆರಿಸಿದನೋ, ತಾನಾಗಿ ಹಾಗೆ ಕೂಡಿಬಂತೋ, ಇಷ್ಟು ವರ್ಷ ಯೋಚಿಸಿಯೂ ನನಗೆ ಗೊತ್ತಾಗಿಲ್ಲ. ಅಜ್ಜನ ಮೇಲೆ ಹಾಕಿಬಿಟ್ಟರೆ ನನ್ನ ಪಾಲು ಕಡಿಮೆಯಾಗುತ್ತದೆ ಎಂಬ ಆಸೆಯೂ ಇರಬಹುದು.

ನಾನು ಬುತ್ತಿ ಗಂಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಾಗ ಫಕೀರಪ್ಪ ವಹಿ ತಂದ. ಸಾಲೆಯ ಮುಂದೆ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಶಾಂತಾ ಪ್ರವಾಸಕ್ಕೆ ತನ್ನನ್ನು ಕರೆಯಲಿಲ್ಲವೆಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವ್ವ ವಹಿಯನ್ನು ನನ್ನ ಮುಂದೆ ಹಿಡಿದಳು. ನಾಲ್ಕು ಪುಟ ತುಂಬ ಬರೆದಿತ್ತು. ಮೊದಲ ಸಾಲಿನಲ್ಲಿ ಕೆಳಗಿನ ಓಣಿಯ ನಳದ ಮಾತು ಕಂಡಿತು. ಹಾಳೆ ತಿರುವಿದೆ, ತಿರುವಿದೆ, ಮತ್ತೊಮ್ಮೆ ತಿರುವಿದೆ. ಓದಲಿಲ್ಲ. ಮತ್ತೆ ಹಾರ್ನ್ ಕೇಳಿಸಿತು.

"ಏನೈತಿ?"

"ನಳದ್ದಬೇ. ಎಲ್ಲಾ ನಳದ್ದಽ ಐತಿ."

"ಪೂರಾ ಓದಿದಿ?"

"ಓದೇನಿ."

ಅವಳು ಸಹಿ ಮಾಡುವುದನ್ನು ನೋಡಲೂ ನಾನು ನಿಲ್ಲಲಿಲ್ಲ.

ಆ ಪ್ರವಾಸ ಚಲೋ ಆಯಿತು, ಸುಳ್ಳು ಯಾಕೆ ಹೇಳಲಿ. ಸೂಡಿಯ ಹೊಂಡದ ಮೆಟ್ಟಿಲಿಳಿದು ನೀರು ಮುಟ್ಟಿದೆವು. ಕಾಲಕಾಲೇಶ್ವರನ ಮೆಟ್ಟಿಲು ಏರಿ, ಬಂಡೆಯ ಸಂದಿಯಿಂದ ಬೇಸಿಗೆಯಲ್ಲೂ ಒಸರುವ ಅಂತರಗಂಗೆಯ ನೀರು ಕುಡಿದೆವು. ಈಗ ಆ ಗುಡ್ಡಗಳ ಮೇಲೆ ಸಾಲಾಗಿ ಗಾಳಿಕಂಬಗಳು ತಿರುಗುತ್ತವೆ, ಕಾರುಗಳಲ್ಲಿ ಬಂದವರು ಅವುಗಳ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ನಾನು ನೌಕರಿಯ ಮೇಲೆ ಅಲ್ಲಿ ಹಾಯುವಾಗ ತಲೆ ಎತ್ತಿ ನೋಡುವುದಿಲ್ಲ. ಅವತ್ತು ಮೆಟ್ಟಿಲ ಕೆಳಗೆ ನನ್ನ ಸೋದರಮಾವ ನಿಂತಿದ್ದ. ಬಣ್ಣ ಅದ್ದಿ ಅದ್ದಿ ಅವನ ಬೆರಳುಗಳು ನೀಲಿಗಟ್ಟಿದ್ದವು. ಮಗ್ಗದಲ್ಲಿ ನೂಲು ಓಡಿಸುವ ಹೊಸ ಲಾಳಿಯೊಂದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

"ಅವ್ವಗ ಹೇಳು, ಉಗಾದಿ ಮುಗದ ಮ್ಯಾಲೆ ಬರ್ತೀನಿ ಅಂತ. ಕುಣಿ ಮಣ್ಣು ತಗಿಸಿ ಇಡು ಅನ್ನು, ಉಳಿದದ್ದು ನಾ ನೋಡ್ಕೋತೀನಿ. ಹಗ್ಗ ಎಲ್ಲಾ ಲಡ್ಡ ಆಗಿರ್ತಾವು, ಹೊಸಾವು ತರ್ತೀನಿ ಅನ್ನು."

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅವ್ವ ಲಾಳಿಯನ್ನು ಈ ಕೈಯಿಂದ ಆ ಕೈಗೆ ಒಗೆದು ಹಿಡಿದಳು, ಮತ್ತೊಮ್ಮೆ ಒಗೆದಳು. ಅವಳ ಕೈ ಮರೆತಿರಲಿಲ್ಲ. ನನಗೆ ವಹಿಯ ನೆನಪೇ ಆಗಲಿಲ್ಲ.

ಎಂಟು ದಿನದ ಮೇಲೆ ಗವಂಡಿ ಬಂದು ಮುಂದಿನ ಕೋಣೆಯ ಹೊರಗೋಡೆಯಲ್ಲಿ ಒಂದು ಕಲ್ಲು ಕೂರಿಸಿದ. ಕೆತ್ತಿದ ದೊಡ್ಡಕ್ಷರ. ಅವ್ವ ತುಂಬಿದ ಕೊಡ ಹೊತ್ತುಕೊಂಡೇ ಓಣಿಯಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಗ್ರಾಮ ಪಂಚಾಯ್ತಿ ಕಾರ್ಯಾಲಯ. ಕೋಣೆಯ ದಾನಿಗಳು, ಅದರ ಕೆಳಗೆ ಅಜ್ಜನ ಹೆಸರು. ಕೊಡ ಇಳಿಸದೆ ಒಳಗೆ ಬಂದು, ಇಳಿಸಿ, ಫಕೀರಪ್ಪನನ್ನು ಕರೆಸಿದಳು.

"ಏನಪಾ ಇದು ಕಲ್ಲು?"

"ಠರಾವು ಆತಲ್ರಿ ಯಕ್ಕಾ. ಕ್ವಾಣಿ ಪಂಚಾಯ್ತಿಗೆ ಕಾಯಂ ದಾನ ಕೊಟ್ಟಾರಲ್ರಿ ಅಜ್ಜಾರು. ಹೊಸ ಕಟ್ಟಡ ಬ್ಯಾಡ ಅಂತ ಬರದು ಕಳಿಸ್ಯಾರ. ನೀವಽ ಅಲ್ರಿ ಸೂಚಿಸಿದವರು."

ವಹಿ ತರಿಸಿದಳು. ನನ್ನನ್ನು ಕೂರಿಸಿ ಓದು ಅಂದಳು. ನಳ ಮೊದಲನೆಯ ಠರಾವು, ದೀಪದ ಕಂಬ ಎರಡನೆಯದು. ಮೂರನೆಯದು ಮೂರನೆಯ ಪುಟದಲ್ಲಿತ್ತು. ಸದರಿ ಕೋಣೆಯನ್ನು ಮನೆಯವರು ಸ್ವಸಂತೋಷದಿಂದ ಪಂಚಾಯ್ತಿಗೆ ಕಾಯಮಾಗಿ ದಾನ ಕೊಡಲು ಒಪ್ಪಿದ್ದರಿಂದ ಹೊಸ ಕಟ್ಟಡದ ಅವಶ್ಯಕತೆ ಇಲ್ಲವೆಂದೂ, ದಾನಿಗಳಿಗೆ ಸಭೆ ಕೃತಜ್ಞತೆ ಸಲ್ಲಿಸುತ್ತದೆಂದೂ ಬರೆದಿತ್ತು. ಅಜ್ಜ ಮೆಂಬರ್ ಅಲ್ಲ, ಅವನಿಗೆ ಠರಾವು ಸೂಚಿಸಲು ಬರುತ್ತಿರಲಿಲ್ಲ. ಮನೆಯಿಂದ ಒಬ್ಬ ಮೆಂಬರ್ ಬೇಕಾಗಿತ್ತು. ನಾನು ಅಲ್ಲಿಗೆ ನಿಲ್ಲಿಸಿದೆ.

"ಮುಂದ ಓದು."

"ಸೂಚಕರು, ಶ್ರೀಮತಿ ಗಂಗವ್ವ," ಎಂದು ಓದಿದೆ. ಅದರ ಮಗ್ಗುಲಿಗೆ ಅವಳ ಸಹಿ, ಹಿಟ್ಟಿನ ಬೆರಳಿನ ಗುರುತು.

"ಅವತ್ತ ಇದನ್ನ ಓದಿದ್ದೇನ ನೀನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಾಲೆಯಲ್ಲಿ ಬರೆಸಿದ್ದರು. ಆಡದ ಮಾತೂ ಹೋಗುತ್ತದೆ ಎಂದು ಯಾರೂ ಬರೆಸಿರಲಿಲ್ಲ. ನಾನು ನೆಲ ನೋಡುತ್ತ ಕೂತೆ. ಅವ್ವ ವಹಿ ಮುಚ್ಚಿದಳು. ಬೈಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಎದ್ದು ಹೋಗಿ ಹಿಟ್ಟು ನಾದತೊಡಗಿದಳು.

ನಾನು ಈಗ ಇದೇ ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಅಭಿವೃದ್ಧಿ ಅಧಿಕಾರಿ. ನೆರೆಗೆ ಸಿಕ್ಕ ಮನೆಗಳ ಯಾದಿ, ಸ್ಥಳಾಂತರವಾದ ಊರಿನ ಹಕ್ಕುಪತ್ರ, ಕುಡಿಯುವ ನೀರು, ಮೇಲಿನ ಕಚೇರಿಯ ಫೋನು. ದಿನ ಮುಗಿಯುವುದರೊಳಗೆ ಹೆಗಲು ಇಳಿದು ಹೋಗಿರುತ್ತದೆ. ಪ್ರತಿ ಠರಾವನ್ನೂ ಎರಡು ಸಲ ಗಟ್ಟಿಯಾಗಿ ಓದಿಯೇ ಸಹಿಗೆ ಕೊಡುತ್ತೇನೆ. ಬಸ್ ಹೋಗತೈತ್ರಿ ಮೇಡಂ, ಲಗೂ ಮುಗಸ್ರಿ ಎಂದು ಮೆಂಬರರು ಗೊಣಗುತ್ತಾರೆ. ಇನ್ನೂ ಕೆಲವರು ತಮ್ಮ ಹೆಂಡಂದಿರ ಸಹಿಗೆ ವಹಿ ಮನೆಗೆ ಕೊಡ್ರಿ ಎಂದು ಕೇಳುತ್ತಾರೆ. ಇಲ್ಲ ಎಂದು ಹೇಳಿ ಹೇಳಿ ಬಾಯಿ ಬತ್ತಿದೆ. ನಿಷ್ಠುರದ ಹೆಂಗಸು ಎಂದು ಹೆಸರಾಗಿದೆ, ಇರಲಿ. ನಮ್ಮೂರಿಗೆ ಆಮೇಲೆ ಬಸ್ಟ್ಯಾಂಡಿನ ಹತ್ತಿರವೇ ಕಟ್ಟಡ ಆಯಿತು, ಅವ್ವ ತೀರಿಕೊಂಡ ಎಷ್ಟೋ ವರ್ಷಕ್ಕೆ. ಕೋಣೆ ಈಗಲೂ ಪಂಚಾಯ್ತಿಯದೇ. ಒಡೆದ ಪೈಪು, ಹಳೆ ಮತಪೆಟ್ಟಿಗೆ ತುಂಬಿ ಬೀಗ ಹಾಕಿದ್ದಾರೆ.

ಅವತ್ತು ಕಲ್ಲು ಕೂರಿಸಿದ ಮೇಲೆ ಬಂದ ಮೊದಲ ಸಭೆಯ ದಿನ ಅವ್ವ ಮುಂಜಾನೆಯೇ ರೊಟ್ಟಿ ಬಡಿದು ಮುಗಿಸಿ, ಮಿಂದು, ತನ್ನ ತವರಿನ ಸೀರೆ ಉಟ್ಟಳು. ಒಳಬಾಗಿಲಿನ ಹತ್ತಿರ ನಿಲ್ಲುತ್ತಾಳೆಂದು ನಾನು ತಿಳಿದಿದ್ದೆ. ಅವಳು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಕಣದ ಬೇಲಿ ಸುತ್ತಿ, ಓಣಿಗೆ ಬಂದು, ಆ ಹೊಸ ಕಲ್ಲಿನ ಪಕ್ಕದ ಬಾಗಿಲಿನಿಂದ, ಬೇರೆ ಊರಿನವಳ ಹಾಗೆ, ಕೋಣೆಯೊಳಗೆ ಕಾಲಿಟ್ಟಳು. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಮಾತಾಡುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು. ಅಜ್ಜ ಮೊದಲು ಅವಳ ಕಡೆ ನೋಡಲೇ ಇಲ್ಲ, ಗೋಡೆಗೆ ಹೇಳಿದ.

"ಒಳಗ ಹೋಗು ಅನ್ನು ಆಕಿಗೆ. ಮಾವ ಕುಂತಲ್ಲಿ ಸೊಸಿ ಬರೂದೇನು, ಇದು ಎಲ್ಲೀ ಪದ್ಧತಿ?"

ಅವ್ವ ಸೆರಗನ್ನು ಸರಿಮಾಡಿಕೊಂಡಳು. ಅವಳು ಅಜ್ಜನಿಗಲ್ಲ, ಅಧ್ಯಕ್ಷರಿಗೆ ಹೇಳಿದಳು.

"ಇದು ನಮ್ಮ ಮಾವನೋರ ಕ್ವಾಣಿ ಇದ್ದಾಗ ನಾ ಸಭಾಕ್ಕ ಕಾಲ ಇಡಲಿಲ್ರಿ. ಈಗ ಸರಕಾರದ್ದಾತು, ಹೊರಗ ಕಲ್ಲ ಹಾಕೀರಿ. ಸರಕಾರದ ಕ್ವಾಣ್ಯಾಗ ಮಾವಾ ಸೊಸಿ ಇರೂದಿಲ್ರಿ. ಮೆಂಬರ್ ಇರ್ತಾರ. ನನ್ನ ಖುರ್ಚಿ ಯಾವುದು ಹೇಳ್ರಿ."

ಫಕೀರಪ್ಪ ಮೂಲೆಯಲ್ಲಿದ್ದ ಖುರ್ಚಿ ಎಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಇಟ್ಟ. ಅವ್ವ ಕೂತಳು. ಅಜ್ಜ ಎದ್ದು ನಿಂತ. ಸೊಸೆ ಖುರ್ಚಿಯ ಮೇಲೆ ಕೂತ ಕೋಣೆಯಲ್ಲಿ ಅವನಿಗೆ ಕೂರಲು ಬರುವಂತಿರಲಿಲ್ಲ, ಅವಳನ್ನು ಎಬ್ಬಿಸುವ ಹಕ್ಕನ್ನು ಅವನೇ ದಾನ ಕೊಟ್ಟಿದ್ದ. ರುಮಾಲು ಸರಿಮಾಡಿಕೊಂಡು ಹೊರಗೆ ಕಟ್ಟೆಗೆ ಹೋದ. ಸಾಯುವತನಕ ಮತ್ತೆ ಆ ಕೋಣೆಯೊಳಗೆ ಹೋಗಲಿಲ್ಲ, ಅವ್ವ ಬಡಿದ ರೊಟ್ಟಿ ತಿಂದನೇ ಹೊರತು ಅವಳೊಂದಿಗೆ ಒಂದು ಮಾತೂ ಆಡಲಿಲ್ಲ.

ಅವ್ವ ಆ ಮೂರನೆಯ ಠರಾವು ರದ್ದಾಗಬೇಕು ಎಂದು ಕೇಳಿದಳು. ಅಧ್ಯಕ್ಷರು ಕೆಟ್ಟವರಲ್ಲ, ತಲೆ ಕೆರೆದುಕೊಂಡರು.

"ದಾನ ಕೊಟ್ಟದ್ದನ್ನ ಹ್ಯಾಂಗ ತಿರುಗಿ ಕೇಳೂದ್ರಿ ಗಂಗವ್ವಾರ? ಠರಾವು ಮ್ಯಾಲೆ ಹೋಗೇತಿ. ಮತ್ತ ನಿಮ್ಮದಽ ಸಹಿ ಐತಿ."

ಸೆಕ್ರೆಟರಿಗೆ ತನ್ನ ಕೊರಳು ಉಳಿಸಿಕೊಳ್ಳಬೇಕಾಗಿತ್ತು. ಅವನು ಎದ್ದು ನಿಂತು ಹೇಳಿದ, "ಓದದ ಸಹಿ ಮಾಡಸೇನಿ ಅಂತ ನನ್ನ ಮ್ಯಾಲೆ ಬರಬಾರದ್ರಿ. ಮನ್ಯಾಗ ಸಾಲಿ ಕಲಿಯೋ ಮಗಳು ಅದಾಳು. ಆಕಿ ಓದಿ ಹೇಳಲಿಲ್ಲೇನು? ಕರೀರಿ ಆಕಿನ್ನ, ಇಲ್ಲೇ ಕೇಳೂಣು."

ಎಲ್ಲರ ಮುಖ ಒಳಬಾಗಿಲಿನ ಕಡೆ ತಿರುಗಿತು. ನಾನು ಬಾಗಿಲ ಮರೆಗೆ ಸರಿದೆ. ಅವ್ವ ಮಾತ್ರ ಬಾಗಿಲ ಕಡೆ ನೋಡಲಿಲ್ಲ.

"ಹುಡುಗೀನ ಯಾಕ ಕರೀತೀರಿ?" ಅಂದಳು. "ಆಕಿ ಪೂರಾ ಓದಿ ಹೇಳಿದಳ್ರಿ. ನಾನಽ ರೊಟ್ಟಿ ಸುಡತಾವಂತ ಅತ್ತಾಗ ಲಕ್ಷ್ಯ ಕೊಟ್ಟಿದ್ದೆ, ಕಿವಿಗೆ ಹಾಕ್ಕೊಳ್ಳಿಲ್ಲ. ತಪ್ಪು ನಂದು. ಮುಂದಿನ ಠರಾವು ಓದ್ರಿ."

ಯಾರೋ ಸಣ್ಣಗೆ ನಕ್ಕರು. ಹೆಣ್ಣುಮಕ್ಕಳ ಬುದ್ಧಿ ಒಲೀ ಮುಂದ ಎಂದರು. ಅವ್ವ ಅದನ್ನೂ ಕೇಳಿಸಿಕೊಂಡು ಕೂತಿದ್ದಳು. ಸಭೆ ಮುಗಿದ ಮೇಲೆ ಬಂದ ದಾರಿಯಿಂದಲೇ, ಓಣಿ ಸುತ್ತಿ, ಹಿತ್ತಲಿನಿಂದ ಒಳಗೆ ಬಂದಳು. ಸೀರೆ ಬದಲಿಸಿ, ಪೇಪರಿನಲ್ಲಿ ಸುತ್ತಿದ ಲಾಳಿಯನ್ನು ಫಕೀರಪ್ಪನ ಕೈಯಲ್ಲಿ ಕೊಟ್ಟು, ಗಜೇಂದ್ರಗಡಕ್ಕೆ ಹೋಗುವವರು ಯಾರಾದರೂ ಇದ್ದರೆ ಅಣ್ಣನಿಗೆ ಮುಟ್ಟಿಸು, ಬರುವುದು ಬೇಡ ಎಂದು ಹೇಳು ಎಂದಳು. ನಾನು ಅವಳ ಹಿಂದೆ ಹಿಂದೆ ತಿರುಗಿದೆ. ಏನಾದರೂ ಅನ್ನಲಿ ಎಂದು ಕಾದೆ. ಉಂಡಿಯೇನು ಎಂದು ಕೇಳಿದಳು, ಅಷ್ಟೇ. ರಾತ್ರಿ ಎಂದಿನಂತೆ ನನ್ನ ಜಡೆ ಬಿಚ್ಚಿ ಬಾಚಿದಳು. ಕ್ಷಮಿಸಿದಳು ಎಂದು ನಾನು ನಂಬಿದೆ, ಮತ್ತು ಅದು ಖರೇ ಇರಬೇಕು.

ಮರು ತಿಂಗಳು ಸಭೆಯ ನೋಟೀಸು ಬಂತು. ಯಾವ ಯಾವ ವಿಷಯ ಚರ್ಚೆಗೆ ಬರುತ್ತವೆ ಎಂದು ಒಂದು ಪುಟ ತುಂಬ ಬರೆದಿತ್ತು, ಅದೇ ಕೋಳಿಕಾಲಿನ ಬರಹ. ಕೊಟ್ಟು ಫಕೀರಪ್ಪ ಹೋದ. ನಾನು ಮಜ್ಜಿಗೆ ಕಡೆಯುತ್ತಿದ್ದವಳು ಕೈ ತೊಳೆದುಕೊಂಡು, ಸೆರಗಿಲ್ಲದ ಪರಕರಕ್ಕೇ ಒರೆಸಿಕೊಂಡು ಬಂದು ನಿಂತೆ. ಈ ಸಲ ಒಂದು ಚುಕ್ಕೆಯನ್ನೂ ಬಿಡದೆ ಓದುವುದೆಂದು ಮನಸ್ಸಿನಲ್ಲೇ ಬಸವಣ್ಣನ ಆಣೆ ಹಾಕಿಕೊಂಡಿದ್ದೆ. ಅವ್ವ ನನ್ನನ್ನು ದಾಟಿ ಹೋಗಿ ಶಾಂತಾಳ ಮುಂದೆ ಕೂತಳು. ಶಾಂತಾ ಆಗ ಎರಡನೆಯ ಇಯತ್ತೆ. ಅವಳಿಗೆ ಇನ್ನೂ ಒತ್ತಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಅವಳು ಹೆದರಿದಳು.

"ಅಕ್ಕಗ ಕೊಡಲೇನಬೇ? ಆಕಿ ಲಗೂ ಓದ್ತಾಳ."

"ಲಗೂ ಓದೋರು ಬ್ಯಾಡ," ಅಂದಳು ಅವ್ವ. "ನೀ ಓದು. ನಾ ಕಾಯ್ತೀನಿ."

ಒಲೆಯ ಮೇಲಿನ ಹೆಂಚು ಇಳಿಸಿ, ಕೈ ಮಡಿಲಲ್ಲಿಟ್ಟುಕೊಂಡು ಅವಳು ಅವಸರವಿಲ್ಲದೆ ಕೂತಳು. ಶಾಂತಾ ಮೊದಲ ಪದದ ಮೇಲೆ ಬೆರಳಿಟ್ಟಳು. ನಾನು ಅಲ್ಲೇ ನಿಂತಿದ್ದೆ, ಆ ಪದ ನನಗೆ ಅಷ್ಟು ದೂರದಿಂದಲೇ ಓದಲು ಬರುತ್ತಿತ್ತು, ಯಾರೂ ನನ್ನನ್ನು ಕೇಳಲಿಲ್ಲ.